ಇಪ್ಪತ್ತು ಪಾಯಿಂಟ್ ಒಂಬತ್ತು

"ಬರಿಯೇ ಮುದುಕಿ. ಅಳೋದಿದ್ರೆ ಮನೇಗ್ ಹೋಗಿ ಅಳು. ಈ ಕಾಗದದ ಮ್ಯಾಲೆ ಒಂದು ಹನಿ ಬಿದ್ರೂ ಇನ್ನೊಂದು ತಂದು ಮೊದ್ಲಿಂದ ಬರೆಸ್ತೀನಿ."

ಮೇಸ್ತ್ರಿ ಗು ಪೆನ್ನು ಎಸೆದ. ಅದು ಮೇಜಿನ ಮೇಲೆ ಉರುಳಿಕೊಂಡು ಬಂದು ಓಕ್‌ಬುನ್‌ಳ ತೊಡೆಗೆ ಬಿತ್ತು. ಅವಳೇನೂ ಅಳುತ್ತಿರಲಿಲ್ಲ. ಹಡಗು ಕಟ್ಟುವ ಯಾರ್ಡಿನಲ್ಲಿ ಒಂಬತ್ತು ವರ್ಷ ವೆಲ್ಡಿಂಗ್ ಬೆಳಕಿನ ಎದುರು ಕೂತ ಕಣ್ಣುಗಳು ಅವು, ಮದುವೆ ಮನೆಯಲ್ಲೂ ನೀರು ಸುರಿಸುತ್ತವೆ. ಇದು ಗುಗೂ ಗೊತ್ತಿತ್ತು. ಆದರೆ ಮೇಜಿನ ಆಚೆ ಡೈರೆಕ್ಟರು ಕೂತಿದ್ದರಲ್ಲ, ಅವರ ಮುಂದೆ ಯಾರನ್ನಾದರೂ ಗದರದಿದ್ದರೆ ಮೇಸ್ತ್ರಿಗಿರಿಗೆ ಕಳೆಯೆಲ್ಲಿ ಬಂತು.

"ಗು ಅವರೇ, ಹಾಗೆಲ್ಲ ಮಾತಾಡಬಾರದು," ಅಂದರು ಡೈರೆಕ್ಟರು, ಮೆಲ್ಲಗೆ. "ಹಿರಿಯರು ಅವರು. ನಿಧಾನಕ್ಕೆ ಬರೀರಿ ಅಮ್ಮ. ನಿಮ್ಮ ಅಂಕಿಗಳು ಎಷ್ಟು ಅಚ್ಚುಕಟ್ಟು ಅಂತ ನಾನು ಎಲ್ಲರಿಗೂ ಹೇಳ್ತಾ ಇರ್ತೀನಿ."

ಡೈರೆಕ್ಟರ ಹೆಸರು ಪ್ಯೊ. ಯಾರ್ಡಿನ ನಾಲ್ಕು ಸಾವಿರ ಜನರ ನೇಮಕ, ರಜೆ, ಶಿಕ್ಷೆ, ಸುರಕ್ಷತೆ ಎಲ್ಲ ಅವರ ಕೈಯಲ್ಲಿ. ಗುತ್ತಿಗೆ ಹೆಂಗಸರ ಹುಟ್ಟುಹಬ್ಬಕ್ಕೂ ಸಾರು ಮಾಡಿಕೊಳ್ಳಲೆಂದು ಒಣಗಿದ ಸಮುದ್ರಪಾಚಿಯ ಪೊಟ್ಟಣ ಕಳಿಸುವ ಮನುಷ್ಯ. ಓಕ್‌ಬುನ್‌ಳ ಹೊಟ್ಟೆಯಲ್ಲಿ ಹುಟ್ಟಿದ ಮಗನೇ ಮರೆತ ದಿನವನ್ನು ಇವರು ನೆನಪಿಟ್ಟುಕೊಂಡಿದ್ದರು. ಹೋದ ವರ್ಷ ಆ ಪೊಟ್ಟಣ ಕೈಗೆ ಬಂದಾಗ ಅವಳು ಅತ್ತಿದ್ದಳು. ಅದು ಮಾತ್ರ ನಿಜವಾದ ಅಳು.

ಅವಳ ಕೆಲಸ ಬೆಂಕಿ ಕಾಯುವುದು. ಹಡಗಿನ ಹೊಟ್ಟೆಯೊಳಗಿನ ತೊಟ್ಟಿಗಳಲ್ಲಿ ವೆಲ್ಡಿಂಗ್ ನಡೆಯುವಾಗ ತೊಟ್ಟಿಯ ಬಾಯಲ್ಲಿ ಕೂತಿರಬೇಕು. ಕಿಡಿ ಬಿದ್ದ ಕಡೆ ಒದ್ದೆ ಕಂಬಳಿ ಹಾಕಬೇಕು. ಗಂಟೆಗೊಮ್ಮೆ ಮೀಟರ್ ಇಳಿಬಿಟ್ಟು ಒಳಗಿನ ಗಾಳಿಯಲ್ಲಿ ಆಮ್ಲಜನಕ ಎಷ್ಟಿದೆ ಅಂತ ಅಳೆದು ಚೀಟಿಯಲ್ಲಿ ಬರೆಯಬೇಕು. ಚೀಟಿಯಲ್ಲಿ ಎಂಟು ಮನೆ. ಊಟಕ್ಕೆ ಮೊದಲು ಎಂಟು, ಒಂಬತ್ತು, ಹತ್ತು, ಹನ್ನೊಂದು. ಊಟದ ಮೇಲೆ ಒಂದು, ಎರಡು, ಮೂರು, ನಾಲ್ಕು. ಒಳ್ಳೆ ಗಾಳಿಯಾದರೆ ಮೀಟರು ಇಪ್ಪತ್ತು ಪಾಯಿಂಟ್ ಒಂಬತ್ತು ತೋರಿಸುತ್ತದೆ.

ಈಗ ಮುಂದಿದ್ದ ಹೊಸ ಚೀಟಿಗೆ ಎರಡು ದಿನ ಹಿಂದಿನ, ಬುಧವಾರದ ತಾರೀಕು ಬಿದ್ದಿತ್ತು. ಮೊದಲ ಮೂರು ಮನೆಗಳಲ್ಲಿ ಮಾತ್ರ ಬರೆದು, ಉಳಿದವಕ್ಕೆ ಗೆರೆ ಎಳೆಯಬೇಕು ಎಂದರು.

"ಹಳೇ ಚೀಟಿ ಎಲ್ಲಿ ಅಮ್ಮ?" ಪ್ಯೊ ಕೇಳಿದರು.

"ಒದ್ದೆ ಕಂಬಳಿ ಜತೆ ಹೋಯ್ತು ಸಾರ್. ಮುದ್ದೆ ಆಗ್ಬುಟ್ಟಿತ್ತು, ಬಿಸಾಕ್ದೆ."

ಚೀಟಿ ಅವಳ ತೊಡೆಯ ಮೇಲೇ ಇತ್ತು. ಹಳದಿ ಹೆಲ್ಮೆಟ್ಟಿನ ಒಳಗೆ, ಬೆವರುಪಟ್ಟಿಯ ಹಿಂದೆ, ನಾಲ್ಕು ಮಡಿಕೆಯಾಗಿ. ಆ ಚೀಟಿಯಲ್ಲಿ ಎಂಟೂ ಮನೆ ತುಂಬಿದ್ದವು.

ಬುಧವಾರ ಬೆಳಿಗ್ಗೆ ಏಳೂಮುಕ್ಕಾಲಿಗೇ ಅವಳು ಅಷ್ಟನ್ನೂ ತುಂಬಿದ್ದಳು. ಅದು ಅವಳೊಬ್ಬಳ ಕಳ್ಳತನವಲ್ಲ. ನಾಲ್ಕು ತೊಟ್ಟಿಗೆ ಒಂದೇ ಮೀಟರು. ಅದು ಗುನ ಬೀರುವಿನಲ್ಲಿ ಬೀಗ ಹಾಕಿಕೊಂಡಿರುತ್ತಿತ್ತು, ಕಳೆದುಹೋದರೆ ಅವನ ತಲೆಗೆ ಬರುತ್ತದೆಂದು. ಒಂಬತ್ತು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ದಿನ ಓಕ್‌ಬುನ್ ಬರಿಯ ಚೀಟಿ ಹಿಡಿದುಕೊಂಡು ಮೀಟರು ಕೇಳಿದಾಗ ಅವನು ನಕ್ಕಿದ್ದ. "ಲೋಕಕ್ಕೆಲ್ಲ ಒಂದೇ ಗಾಳಿ ಕಣಮ್ಮಿ. ಇಪ್ಪತ್ತು ಪಾಯಿಂಟ್ ಒಂಬತ್ತು ಅಂತ ಬರ್ಕೊ. ಸಂಜೆಗಂಟ ಬರ್ಕೊ. ಸಂಜೆ ಮತ್ತೆ ಪೆನ್ನು ಹುಡುಕ್ತಾ ಕೂರ್ಬೇಡ." ಅಂದಿನಿಂದ ಅವಳು ಬರೆದಳು. ತನ್ನ ನಂತರ ಬಂದ ಹೆಂಗಸರಿಗೂ ಹಾಗೇ ಕಲಿಸಿದಳು.

ವೆಲ್ಡರ್ ದೊಕ್‌ಸು ಅವಳನ್ನು ಇದೇ ವಿಷಯಕ್ಕೆ ಕೆಣಕುತ್ತಿದ್ದ. ನಲವತ್ತೆಂಟರ ಗಂಡಸು, ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದ. ತೊಟ್ಟಿಗಿಳಿಯುವ ಮುಂಚೆ ಇಬ್ಬರೂ ಒಂದೇ ಪೊಟ್ಟಣದ ಪುಡಿಯನ್ನು ಎರಡು ಕಾಗದದ ಲೋಟಕ್ಕೆ ಹಾಕಿ ಕಾಫಿ ಮಾಡಿಕೊಂಡು ಕುಡಿಯುವರು.

"ನಿನ್ ಚೀಟೀಲಿ ಗಾಳಿ ಎಷ್ಟು ಸೊಗ್ಸಾಗೈತೆ ದೊಡ್ಡಕ್ಕ," ಅಂದಿದ್ದ ಬುಧವಾರವೂ. "ತೊಟ್ಟಿ ಯಾಕೆ, ನಾನು ಈ ಚೀಟಿ ಒಳ್ಗೇ ಒಂದು ರೂಮು ಮಾಡ್ಕೊಂಡು ಇದ್ಬುಡ್ತೀನಿ."

"ಬಾಡ್ಗೆ ಕೊಡ್ತೀಯೇನ್ಲಾ?"

"ನಿನ್ ತಮ್ಮನ್ ತಾವ ಬಾಡ್ಗೆ ಕೇಳ್ತೀಯಲ್ಲ, ನಾಚ್ಕೆ ಆಗಲ್ವಾ."

ಹತ್ತು ಗಂಟೆಯ ವಿರಾಮದಲ್ಲಿ ಪೈಪಿನ ತಂಡದವರು ಆರ್ಗಾನ್ ಗ್ಯಾಸು ಹರಿಯುತ್ತಿದ್ದ ಕೊಳವೆಯನ್ನು ತೊಟ್ಟಿಯೊಳಗೆ ಹಾಗೇ ಬಿಟ್ಟು ಸಿಗರೇಟು ಸೇದಲು ಹೋದರು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಗಾಳಿಗಿಂತ ಭಾರ, ಸದ್ದಿಲ್ಲದೆ ತಳದಲ್ಲಿ ನೀರಿನ ಹಾಗೆ ನಿಂತು ಉಸಿರಾಡುವ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ವಿರಾಮ ಮುಗಿದು ದೊಕ್‌ಸು ಮತ್ತೆ ತೊಟ್ಟಿಗಿಳಿಯುವ ಹೊತ್ತಿಗೆ ಗು ಓಕ್‌ಬುನ್‌ಳನ್ನು ಪಕ್ಕದ ತೊಟ್ಟಿಗೆ ಕಂಬಳಿ ಹಾಸಲು ಅಟ್ಟಿದ. ಎರಡು ತೊಟ್ಟಿಗೆ ಒಬ್ಬಳೇ ಬೆಂಕಿ ಕಾಯುವವಳು ಅಂತ ಆ ತಿಂಗಳಿಂದ ಆಗಿತ್ತು. ಅವಳು ತಿರುಗಿ ಬಂದು ಬಾಯಲ್ಲಿ ಬಗ್ಗಿದಾಗ ತಳದಲ್ಲಿ ಹೆಲ್ಮೆಟ್ಟಿನ ದೀಪವೊಂದು ಕಬ್ಬಿಣದ ಗೋಡೆಗೆ ಮುಖ ಮಾಡಿ ಅಲುಗದೆ ಉರಿಯುತ್ತಿತ್ತು. ದೊಕ್‌ಸು ಅಂತ ಕೂಗಿದಳು. ಆಮೇಲೆ ಸೀಟಿ ಊದಿದಳು, ಉಸಿರು ಮುಗಿಯುವವರೆಗೂ ಊದಿದಳು.

ಹಗ್ಗ ಕಟ್ಟಿ ಮೇಲೆಳೆದಾಗ ಅವನ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಓಕ್‌ಬುನ್ ಆಂಬುಲೆನ್ಸಿಗೆಂದು ಫೋನು ತೆಗೆದಳು. ಗು ಅದನ್ನು ಕಿತ್ತುಕೊಂಡ.

"ತಲೆ ಕೆಟ್ಟೈತಾ ಮುಂಡೇದೆ? ಆಂಬುಲೆನ್ಸು ಗೇಟೊಳಕ್ಕೆ ಬಂದ್ರೆ ಬೋರ್ಡು ಸೊನ್ನೆ ಆಯ್ತದೆ."

ಗೇಟಿನ ಮೇಲಿನ ಬೋರ್ಡು ಆ ದಿನ ಒಂಬೈನೂರ ತೊಂಬತ್ತೊಂದು ತೋರಿಸುತ್ತಿತ್ತು, ಅಪಘಾತವಿಲ್ಲದ ಒಂಬೈನೂರ ತೊಂಬತ್ತೊಂದು ದಿನ. ಬೆರಳು ತುಂಡಾದವರು, ಪಕ್ಕೆಲುಬು ಮುರಿದವರು ಎಲ್ಲರೂ ಯಾರ್ಡಿನ ಪಿಕಪ್ ಗಾಡಿಯಲ್ಲಿ ಹಿಂದಿನ ಗೇಟಿನಿಂದ ಹೋಗಿದ್ದರು. ದೊಕ್‌ಸುವನ್ನೂ ಪೇಂಟು ಡಬ್ಬಗಳ ನಡುವೆ ಮಲಗಿಸಿ, ತಾಡಪಾಲು ಹೊದಿಸಿ, ಹಾಗೇ ಕಳಿಸಿದರು. ಯಾರ್ಡಿನವರು ಯಾವಾಗಲೂ ಒಯ್ಯುವ ಆಸ್ಪತ್ರೆ ಕೊಲ್ಲಿಯನ್ನು ಸುತ್ತಿಕೊಂಡು ಹೋದರೆ ಮೂವತ್ತು ನಿಮಿಷದ ದಾರಿ. ಜೀವ ಉಳಿಯಿತು, ಆದರೆ ಅವನು ತಿರುಗಿ ಬರಲಿಲ್ಲ. ಕಣ್ಣು ಬಿಟ್ಟುಕೊಂಡು ಮಲಗಿದ್ದ, ಅಷ್ಟೆ.

ಇಷ್ಟು ನಡೆದದ್ದು ಬುಧವಾರ. ಇದು ಶುಕ್ರವಾರ. ಓಕ್‌ಬುನ್ ಹೊಸ ಚೀಟಿಯ ಮೂರು ಮನೆಗಳಲ್ಲಿ ಬರೆದು, ಗೆರೆ ಎಳೆದು, ರುಜು ಹಾಕಿದಳು. ಪ್ಯೊ ಅದನ್ನು ಎರಡು ಬೆರಳಲ್ಲಿ ತೆಗೆದುಕೊಂಡು ನೋಡಿ, ಇನ್ನೊಂದು ಹಾಳೆ ಮುಂದಿಟ್ಟರು. ಅದು ಟೈಪಾಗಿಯೇ ಬಂದಿತ್ತು. ಬುಧವಾರ ಬೆಳಿಗ್ಗೆ ದೊಕ್‌ಸುವಿನ ಬಾಯಿಂದ ಸೋಜು ಹೆಂಡದ ವಾಸನೆ ಬರುತ್ತಿತ್ತು, ಹಿಂದಿನ ದಿನ ವಿಪರೀತ ಕುಡಿದಿದ್ದೆನೆಂದು ಅವನೇ ಹೇಳಿದ, ಎದೆ ಹಿಡಿಯುತ್ತಿದೆ ಅಂದ ಎಂದು ಅದರಲ್ಲಿತ್ತು.

"ಇದು ಸುಳ್ಳು ಸಾರ್. ಅವ್ನು ಕುಡ್ಯೋದು ಬಿಟ್ಟು ನಾಲ್ಕು ವರ್ಷ ಆಯ್ತು."

"ಇರಬಹುದು," ಅಂದರು ಪ್ಯೊ. "ನಾವಾದರೂ ಅವರನ್ನ ಕೈಬಿಡ್ತೀವಾ? ಆಸ್ಪತ್ರೆಯ ಖರ್ಚು ಮೂರು ತಿಂಗಳು ಕಂಪನಿಯೇ ನೋಡ್ಕೊಳ್ಳುತ್ತೆ, ಮಾನವೀಯತೆಯಿಂದ. ಅವರ ಹೆಂಡತಿಗೆ ಹೇಳಿದ್ದೀನಿ. ಆದರೆ ಗಾಳಿ ಸರಿಯಿತ್ತು ಅಂತ ನೀವೇ ಬರೆದಿದ್ದೀರಲ್ಲ ಅಮ್ಮ. ಗಾಳಿ ಸರಿಯಿದ್ದ ಮೇಲೆ ಮನುಷ್ಯನಲ್ಲೇ ಏನೋ ಸರಿ ಇರಲಿಲ್ಲ ಅಂತ ತಾನೆ ಅರ್ಥ? ಅಥವಾ ನೀವು ಅಳೆಯದೇ ಬರೆದಿರಿ. ಹಾಗಿದ್ದರೆ ಅದು ಜೈಲಿನ ವಿಷಯ, ನನ್ನ ಕೈ ಮೀರಿದ್ದು."

ಅವರ ದನಿ ಎಲ್ಲೂ ಏರಲಿಲ್ಲ. ಅತ್ತ ದರಿ, ಇತ್ತ ಪುಲಿ. ಓಕ್‌ಬುನ್ ಮೇಸ್ತ್ರಿಯ ಕಡೆ ನೋಡಿದಳು. ಲೋಕಕ್ಕೆಲ್ಲ ಒಂದೇ ಗಾಳಿ ಅಂದವನು ಈಗ ಕಿಟಕಿಯಾಚೆ ಕ್ರೇನು ನೋಡುತ್ತಿದ್ದ. ಅವಳಿಗೆ ವಯಸ್ಸು ಐವತ್ತೆಂಟು. ಈ ಕರಾವಳಿಯಲ್ಲಿ ಒಂದು ಯಾರ್ಡಿನಿಂದ ಹೊರಬಿದ್ದವಳನ್ನು ಇನ್ನೊಂದು ಯಾರ್ಡಿನವರು ಗೇಟಿನ ಹತ್ತಿರವೂ ಬಿಟ್ಟುಕೊಳ್ಳುವುದಿಲ್ಲ. ರುಜು ಹಾಕಿದಳು.

"ಸಾವಿರದ ದಿನದ ಪೂಜೆಗೆ ಸುರಕ್ಷತೆಯ ಪ್ರತಿಜ್ಞೆ ನೀವೇ ಓದಬೇಕು ಅಂತ ನನ್ನ ಆಸೆ," ಪ್ಯೊ ಎದ್ದು ನಿಂತು ಅವಳಿಗೆ ತಲೆ ಬಾಗಿದರು. "ರಾಜಧಾನಿ ಸಿಯೋಲಿನಿಂದ ದೊಡ್ಡವರು ಬರ್ತಾರೆ. ನಿಮ್ಮಂಥ ಹಿರಿಯರು ಮೈಕಿನ ಮುಂದೆ ನಿಂತರೆ ಅದರ ಗೌರವವೇ ಬೇರೆ."

*

ಭಾನುವಾರ ಮಧ್ಯಾಹ್ನ ಅವಳು ಡಬ್ಬಿಯಲ್ಲಿ ಕುಂಬಳಕಾಯಿ ಗಂಜಿ ತುಂಬಿಕೊಂಡು ಆಸ್ಪತ್ರೆಗೆ ಹೋದಳು. ಉಣ್ಣುವ ಬಾಯಿಗೆ ಕೊಳವೆ ಹಾಕಿದ್ದರು. ಗಂಜಿಯನ್ನು ದೊಕ್‌ಸುವಿನ ಹೆಂಡತಿ ಯಾಂಗ್‌ಮಿ ತಿಂದಳು, ಎರಡು ದಿನದಿಂದ ಏನೂ ತಿನ್ನದವಳ ಹಾಗೆ. ಅವಳು ಮೀನು ಕಾರ್ಖಾನೆಯಲ್ಲಿ ಸಿಗಡಿ ಸುಲಿಯುವವಳು, ಬೆರಳ ತುದಿಗಳೆಲ್ಲ ಬಿಳುಚಿಕೊಂಡಿದ್ದವು.

"ಸೈನ್ ಹಾಕ್ಬುಟ್ಟೆ ಅಕ್ಕ," ಅಂದಳು. "ಮೂರು ತಿಂಗಳು ಕೊಡ್ತಾರಂತೆ. ಆಮೇಲೆ ಏನೂ ಕೇಳಂಗಿಲ್ವಂತೆ. ಹಾಕ್ದೇ ಇದ್ರೆ ಇವತ್ತೇ ಮಂಚ ಖಾಲಿ ಮಾಡ್ಬೇಕಿತ್ತು. ನಾನೇನ್ ಮಾಡ್ಲಿ?"

"ಏನೂ ಮಾಡಂಗಿರ್ಲಿಲ್ಲ ಬಿಡು."

"ದುಡ್ಡು ಹೋಗ್ಲಿ. ಅವ್ರು ಒಂದು ಕಾಗ್ದ ತೋರ್ಸುದ್ರು. ಇವ್ನು ಕುಡ್ದು ಬಂದಿದ್ದ ಅಂತ. ಜತೆಯೋರೇ ಬರ್ಕೊಟ್ಟವ್ರೆ ಅಂತ. ಹೆಸ್ರಿನ ಮ್ಯಾಲೆ ಕೈ ಮುಚ್ಕೊಂಡಿದ್ರು." ಯಾಂಗ್‌ಮಿ ಚಮಚವನ್ನು ಡಬ್ಬಿಯೊಳಗಿಟ್ಟಳು. "ನಾಲ್ಕು ವರ್ಷ ಅಕ್ಕ. ಮಗಳ ತಲೆ ಮುಟ್ಟಿ ಬಿಟ್ಟೋನು. ಹಬ್ಬದಲ್ಲಿ ಅಪ್ಪನ ಸಮಾಧಿಗೆ ಸುರಿಯೋ ಹೆಂಡ ಸೈತ ನನ್ ಕೈಲಿ ಸುರ್ಸೋನು, ಬೆರಳಿಗೆ ತಾಕ್ಬಾರ್ದು ಅಂತ. ಈಗ ಊರೆಲ್ಲ ಕುಡ್ಕ ಅಂತೈತೆ. ಮಗಳು ಇಸ್ಕೂಲಿಗೋದ್ರೆ ಅಲ್ಲೂ ಅಂತವ್ರೆ. ಅದ್ಯಾವ ಸೂಳೆಮಗ ಬರ್ಕೊಟ್ಟ ಅಂತ ಒಸಿ ಕಂಡ್ಹಿಡಿ ಅಕ್ಕ. ನೀನು ಅಲ್ಲೇ ಇರ್ತೀಯಲ್ಲ. ನಂಗೆ ಇನ್ನೇನೂ ಬ್ಯಾಡ."

ಓಕ್‌ಬುನ್ ಡಬ್ಬಿಯ ಮುಚ್ಚಳ ಹಾಕಿದಳು. ಅದು ಸರಿಯಾಗಿ ಕೂರಲಿಲ್ಲ, ತೆಗೆದು ಮತ್ತೆ ಹಾಕಿದಳು.

"ಕಂಡ್ಹಿಡೀತೀನಿ," ಅಂದಳು.

ಬಸ್ಸಿನಲ್ಲಿ ಕೂತಾಗ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಚೀಟಿ ಹೆಲ್ಮೆಟ್ಟಿನಿಂದ ಬಂದು ಅವಳ ಕೋಟಿನ ಒಳಜೇಬು ಸೇರಿತ್ತು, ಯಾಂಗ್‌ಮಿಗೆ ಕೊಟ್ಟು ಬರೋಣವೆಂದೇ ಹೊರಟಿದ್ದಳು. ಕೊಡಲಿಲ್ಲ. ಕೊಟ್ಟರೂ ಆ ಹೆಂಗಸು ಏನು ಮಾಡಬೇಕಿತ್ತು, ಮಂಚದ ಮೇಲಿರುವ ಗಂಡನನ್ನು ಇಳಿಸಿಕೊಂಡು ಕೋರ್ಟಿಗೆ ಹೋಗಬೇಕಿತ್ತೆ?

ಸೋಮವಾರ ಎಲ್ಲ ತೊಟ್ಟಿಗೂ ಒಂದೊಂದು ಹೊಸ ಮೀಟರು ಬಂತು. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು. ಕಚೇರಿಯವರು ಅವುಗಳ ಫೋಟೋ ತೆಗೆದುಕೊಂಡು ಹೋದರು. ಬುಧವಾರದ ಹೊತ್ತಿಗೆ ಮೂರು ಮೀಟರು ಗುನ ಬೀರು ಸೇರಿದ್ದವು.

*

ಪೂಜೆಗೆ ಬೇಕಾದ ಹಂದಿಯ ತಲೆ ನಗುತ್ತಿರಬೇಕು. ನಗುವ ತಲೆ ಇಟ್ಟರೆ ವರ್ಷವಿಡೀ ಶುಭ ಅಂತ ಲೆಕ್ಕ. ಸಂತೆಯವನು ತಂದ ತಲೆ ಮಾತ್ರ ಸಿಡುಕು ಮೋರೆಯದು. ಶುಕ್ರವಾರ ಬೆಳಿಗ್ಗೆ ಮೇಸ್ತ್ರಿ ಗು ಅದರ ಎರಡೂ ದವಡೆಗೆ ಹಲ್ಲುಕಡ್ಡಿ ಕೊಟ್ಟು ತುಟಿಯನ್ನು ಮೇಲೆತ್ತುತ್ತಿದ್ದ.

"ನಗೋ ಬೋಳಿಮಗ್ನೆ, ನಗೋ," ಅಂತ ಗೊಣಗುತ್ತಿದ್ದ. "ನಿಂದೇನು ಗಂಟು ಹೋಯ್ತದೆ."

ಮೇಜಿನ ಮೇಲೆ ಅಕ್ಕಿಹಿಟ್ಟಿನ ಕೇಕು, ಒಣಮೀನು, ಹಣ್ಣು, ಅಕ್ಕಿ ಹೆಂಡ. ಮುಂದಿನ ಸಾಲಿನಲ್ಲಿ ಬಿಳಿ ಹೆಲ್ಮೆಟ್ಟಿನ ಕಾಯಂ ನೌಕರರು, ಹಿಂದೆ ಹಳದಿ ಹೆಲ್ಮೆಟ್ಟಿನ ಗುತ್ತಿಗೆಯವರು. ಮಧ್ಯೆ ಯಾರೂ ಎಳೆಯದ ಒಂದು ಗೆರೆ ಯಾವಾಗಲೂ ಇರುತ್ತದೆ, ಇವತ್ತೂ ಇತ್ತು. ಸಿಯೋಲಿನಿಂದ ಬಂದವರು ಕುರ್ಚಿಗಳಲ್ಲಿ ಕೂತರು. ಗೇಟಿನ ಬೋರ್ಡಿನಲ್ಲಿ ಸಾವಿರ ಬಿದ್ದಿತ್ತು.

ಮೈಕಿನಲ್ಲಿ ಒಬ್ಬ ಹುಡುಗಿ ಪ್ಯೊ ಅವರ ಬದುಕನ್ನು ಓದಿದಳು. ಇಪ್ಪತ್ತೈದರಲ್ಲಿ ಸಂಬಳ ಪಟ್ಟಿಯ ಗುಮಾಸ್ತರಾಗಿ ಸೇರಿದರು. ಮೂವತ್ತೈದರಲ್ಲಿ ಇಡೀ ತರಬೇತಿ ವಿಭಾಗ ಕಟ್ಟಿದರು. ಮನುಷ್ಯನೇ ಮೊದಲ ಆಸ್ತಿ ಎಂಬ ಮಾತನ್ನು ಗೋಡೆಗೆ ಬರೆಸಿದವರು ಇವರೇ. ಇಪ್ಪತ್ತಾರು ವರ್ಷದಲ್ಲಿ ಹನ್ನೊಂದು ಪ್ರಶಸ್ತಿ, ಅವರ ಕೈಕೆಳಗೆ ಸಾವಿರ ದಿನ ಒಂದು ಹನಿ ರಕ್ತ ಬೀಳಲಿಲ್ಲ. ಮುಂದಿನ ತಿಂಗಳಿಂದ ಸಿಯೋಲಿನ ಮುಖ್ಯ ಕಚೇರಿಯಲ್ಲಿ ಉಪಾಧ್ಯಕ್ಷರು. ಹಳದಿ ಹೆಲ್ಮೆಟ್ಟುಗಳ ಸಾಲಿನಲ್ಲಿ ಎರಡು ಬೆರಳಿಲ್ಲದ ಒಂದು ಕೈ ಇನ್ನೊಂದು ಕೈಗೆ ಬಡಿದು ಚಪ್ಪಾಳೆ ತಟ್ಟಿತು.

ಪ್ಯೊ ಹಂದಿಯ ಮುಂದೆ ಮಂಡಿಯೂರಿ, ಹಣೆ ನೆಲಕ್ಕೆ ಮುಟ್ಟಿಸಿ ನಮಸ್ಕಾರ ಮಾಡಿದರು. ಕಾಣಿಕೆ ದುಡ್ಡಿನ ಲಕೋಟೆಯೊಂದನ್ನು ಅದರ ಬಾಯಿಗಿಟ್ಟರು. ಆಮೇಲೆ ಮಾತಾಡಿದರು.

"ಸುರಕ್ಷತೆ ಅನ್ನೋದು ಮನೆಯಿಂದ ಶುರುವಾಗುತ್ತೆ. ಮೊನ್ನೆ ನಮ್ಮ ಒಬ್ಬ ಸಹೋದ್ಯೋಗಿ ಹಿಂದಿನ ದಿನದ ಕುಡಿತದಿಂದ ಆರೋಗ್ಯ ಕೆಡಿಸಿಕೊಂಡರು. ಅವರಿಗಾಗಿ ಪ್ರಾರ್ಥಿಸೋಣ. ಜೊತೆಗೆ ಇವತ್ತು ಪ್ರತಿಯೊಬ್ಬರೂ ನಿಮ್ಮ ನಿಮ್ಮ ಮಕ್ಕಳ ಮುಖ ನೆನಪಿಸಿಕೊಂಡು, ಇನ್ನು ಕುಡಿಯಲ್ಲ ಅಂತ ಮನಸ್ಸಿನಲ್ಲೇ ಹೇಳಿಕೊಳ್ಳಿ."

ಓಕ್‌ಬುನ್ ಕಣ್ಣೀರು ಒರೆಸಿಕೊಂಡಳು. ಈ ಸಲ ಅದು ವೆಲ್ಡಿಂಗಿನ ನೀರೋ ಅಳುವೋ ಅವಳಿಗೇ ತಿಳಿಯಲಿಲ್ಲ. ಅವಳನ್ನು ಮೈಕಿಗೆ ಕರೆದರು. ಕೈಗೆ ದಪ್ಪ ರಟ್ಟಿನ, ಚಿನ್ನದ ಅಂಚಿನ ಪ್ರತಿಜ್ಞೆಯ ಹಾಳೆ ಕೊಟ್ಟರು. ಅದನ್ನು ಅವಳು ಹಂದಿಯ ತಲೆಯ ಪಕ್ಕದಲ್ಲಿಟ್ಟು, ಹೆಲ್ಮೆಟ್ಟು ಕಳಚಿದಳು. ಅವತ್ತು ಬೆಳಿಗ್ಗೆ ಯಾಕೋ ಚೀಟಿಯನ್ನು ಮತ್ತೆ ಅಲ್ಲೇ ಇಟ್ಟುಕೊಂಡು ಬಂದಿದ್ದಳು. ಬೆವರುಪಟ್ಟಿಯ ಹಿಂದಿನಿಂದ ಅದನ್ನು ತೆಗೆದು, ನಾಲ್ಕು ಮಡಿಕೆ ಬಿಡಿಸಿದಳು.

"ಎಂಟು ಗಂಟೆ," ಅಂತ ಓದಿದಳು. "ಇಪ್ಪತ್ತು ಪಾಯಿಂಟ್ ಒಂಬತ್ತು."

ಯಾರ್ಡಿನಲ್ಲಿ ದಿನಾ ಬೆಳಿಗ್ಗೆ ಒಬ್ಬ ಓದುತ್ತಾನೆ, ಉಳಿದವರು ಬಲಗೈ ಚಾಚಿ ತೋರುಬೆರಳು ಮುಂದೆ ಮಾಡಿ ಕೂಗುತ್ತಾರೆ. ಏಣಿ, ಸರಿಯಿದೆ. ಹಗ್ಗ, ಸರಿಯಿದೆ. ಕಿವಿಗಿಂತ ಮೊದಲು ಕೈ ಏಳುವಷ್ಟು ಅಭ್ಯಾಸವಾಗಿಬಿಟ್ಟಿದೆ. ನಾಲ್ಕು ಸಾವಿರ ಬೆರಳು ಓಕ್‌ಬುನ್‌ಳ ಕಡೆಗೆ ಚಾಚಿದವು.

"ಸರಿಯಿದೆ, ಸರಿಯಿದೆ, ಸರಿಯಿದೆ."

"ಒಂಬತ್ತು ಗಂಟೆ. ಇಪ್ಪತ್ತು ಪಾಯಿಂಟ್ ಒಂಬತ್ತು."

"ಸರಿಯಿದೆ, ಸರಿಯಿದೆ, ಸರಿಯಿದೆ."

ಸಿಯೋಲಿನವರೂ ನಗುತ್ತಾ ಬೆರಳು ಚಾಚಿದರು. ಇದೇ ಹೊಸ ಬಗೆಯ ಪ್ರತಿಜ್ಞೆ ಅಂದುಕೊಂಡಿರಬೇಕು. ಪ್ಯೊ ಮಾತ್ರ ಕೈ ಎತ್ತಲಿಲ್ಲ. ಅವರು ಅವಳ ಕೈಯಲ್ಲಿದ್ದ, ಅಂಚು ಬೆವರಿಗೆ ಹಳದಿಯಾದ ಕಾಗದವನ್ನೇ ನೋಡುತ್ತಿದ್ದರು.

"ಹತ್ತು ಗಂಟೆ. ಬುಧವಾರ, ಮೂರನೇ ನಂಬರಿನ ತೊಟ್ಟಿ. ಇಪ್ಪತ್ತು ಪಾಯಿಂಟ್ ಒಂಬತ್ತು."

"ಸರಿಯಿದೆ, ಸರಿಯಿದೆ, ಸರಿಯಿದೆ."

"ಹನ್ನೊಂದು ಗಂಟೆ. ಇಪ್ಪತ್ತು ಪಾಯಿಂಟ್ ಒಂಬತ್ತು."

ಹಳದಿ ಹೆಲ್ಮೆಟ್ಟುಗಳ ಎಡತುದಿಯಲ್ಲಿ ದೊಕ್‌ಸುವಿನ ತಂಡದ ಏಳು ಜನ ನಿಂತಿದ್ದರು. ಹನ್ನೊಂದು ಗಂಟೆಗೆ ಅವನನ್ನು ತಾಡಪಾಲಿನಡಿ ಮಲಗಿಸಿದವರು ಅವರೇ. ಏಳು ಕೈ ಕೆಳಗಿಳಿದವು. ಉಳಿದವರು ಕೂಗಿದರು.

"ಒಂದು ಗಂಟೆ," ಅವಳು ಚೀಟಿಯಿಂದ ಕಣ್ಣೆತ್ತಿದಳು, "ಅವ್ನು ಆಸ್ಪತ್ರೇಲವ್ನೆ. ತೊಟ್ಟಿ ಬಾಯಿ ಮುಚ್ಚೈತೆ. ಇಪ್ಪತ್ತು ಪಾಯಿಂಟ್ ಒಂಬತ್ತು."

"ಸರಿಯಿದೆ," ಎಂದರು ನಾಲ್ಕು ಸಾವಿರ ಜನ. ಅಲ್ಲೊಬ್ಬ ಇಲ್ಲೊಬ್ಬ ತಡವರಿಸಿದ, ಪಕ್ಕದವನನ್ನು ನೋಡಿ ಮತ್ತೆ ಕೂಗಿದ. ಎರಡು ಗಂಟೆಗೂ ಕೂಗಿದರು. ಮೂರು ಗಂಟೆಯನ್ನು ಅವಳು ಹೇಳುವಾಗ ಗು ಓಡಿಬಂದು ಮೈಕಿನ ತಂತಿ ಕಿತ್ತ.

"ಬರ್ಕೊಟ್ಟೋಳು ನಾನೇ," ಅವಳು ಬರಿಗಂಟಲಲ್ಲಿ ಕಿರುಚಿದಳು. "ಅವ್ನು ಕುಡ್ದಿರ್ಲಿಲ್ಲ. ಸೋಜು ವಾಸ್ನೆ ಅಂತ ಸುಳ್ಳು ಬರ್ಕೊಟ್ಟ ಲೌಡಿ ನಾನೇ ಕಣ್ರಪ್ಪೋ."

ಯಾರ್ಡಿನಲ್ಲಿ ಕ್ರೇನುಗಳು ನಿಂತಿರಲಿಲ್ಲ. ಪೂಜೆಗೆಂದು ಅವನ್ನು ನಿಲ್ಲಿಸುವ ಪದ್ಧತಿಯಿಲ್ಲ. ಅವಳ ಮಾತು ಮೊದಲ ಎರಡು ಸಾಲಿಗೆ ಕೇಳಿಸಿತು, ಬಿಳಿ ಹೆಲ್ಮೆಟ್ಟುಗಳಿಗೆ. ಅವರು ನೆಲ ನೋಡಿದರು. ದೊಕ್‌ಸುವಿನ ತಂಡ ನಿಂತಿದ್ದ ತುದಿಗೆ ಅದು ಮುಟ್ಟಲೇ ಇಲ್ಲ.

ಪ್ಯೊ ಬಂದು ಅವಳ ಎರಡೂ ಕೈಗಳನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು. ದೂರದಿಂದ ನೋಡಿದವರಿಗೆ ಮಗ ತಾಯಿಯನ್ನು ಸಮಾಧಾನ ಮಾಡಿದಂತೆಯೇ ಕಾಣಬೇಕು. ಚೀಟಿ ಅವರ ಅಂಗೈ ಸೇರಿತು.

"ಒದ್ದೆ ಕಂಬಳಿ ಜೊತೆ ಹೋಗಿತ್ತಲ್ಲ ಅಮ್ಮ?" ಅಂದರು ಅವಳ ಕಿವಿಯ ಹತ್ತಿರ. "ಒಳ್ಳೇದೇ ಆಯ್ತು. ಎಂಟೂ ಮನೆ ನಿಮ್ಮ ಅಕ್ಷರದಲ್ಲೇ ಇವೆ. ನಿಮ್ಮ ರುಜು ಇದೆ. ಇದರಲ್ಲಿ ನನ್ನದಾಗಲಿ, ಗು ಅವರದಾಗಲಿ ಒಂದು ಚುಕ್ಕೆ ತೋರಿಸಿ ನೋಡೋಣ."

ತಂತಿ ಮತ್ತೆ ಸೇರಿತು. ಹಿರಿಯ ಜೀವ ಭಾವುಕರಾದರು, ಒಂದು ಜೋರು ಚಪ್ಪಾಳೆ ಬರಲಿ ಅಂದಳು ಮೈಕಿನ ಹುಡುಗಿ. ಚಪ್ಪಾಳೆ ಬಂತು. ಹಂದಿಯ ಬಾಯಿಯ ಒಂದು ಕಡ್ಡಿ ಮುರಿದು, ಅರ್ಧ ಮೋರೆ ನಗುತ್ತಿತ್ತು, ಅರ್ಧ ಇಳಿದಿತ್ತು. ಗು ಅದನ್ನು ಸರಿಮಾಡಲು ಓಡಿದ.

ಫೋನಿನಲ್ಲಿ ಚೀಟಿಯ ಒಂದು ಫೋಟೋ ಹಿಡಿದಿಟ್ಟುಕೊಳ್ಳಬೇಕಿತ್ತು ಎಂದು ಅವಳಿಗೆ ಹೊಳೆದದ್ದು ಮನೆಗೆ ಹೋಗುವ ಬಸ್ಸಿನಲ್ಲಿ. ಒಂಬತ್ತು ದಿನ ಅದು ಅವಳ ಬಳಿಯೇ ಇತ್ತು. ಆದರೆ ಒಂಬತ್ತು ವರ್ಷ ದಿನಾ ಬೆಳಿಗ್ಗೆ ಗೇಟಿನಲ್ಲಿ ಫೋನಿನ ಕ್ಯಾಮೆರಾಕ್ಕೆ ಸ್ಟಿಕರ್ ಹಚ್ಚಿಸಿಕೊಂಡವಳು ಅವಳು. ಫೋನಿಗೆ ಕಣ್ಣಿದೆ ಎಂಬುದೇ ಅವಳಿಗೆ ಮರೆತುಹೋಗಿತ್ತು. ಆಗ ಬಸ್ಸಿನಲ್ಲಿ ಅವಳು ಆ ಸ್ಟಿಕರನ್ನು ಉಗುರಿನಿಂದ ಕೆರೆದು ಕೆರೆದು ತೆಗೆದಳು.

*

ಸೋಮವಾರ ಬೆಳಿಗ್ಗೆ ಗೇಟಿನಲ್ಲಿ ಅವಳ ಕಾರ್ಡಿಗೆ ಕೆಂಪು ದೀಪ ಹತ್ತಿತು.

"ನಿನ್ ಕಾರ್ಡು ಸತ್ತೋಗೈತೆ ಅಕ್ಕ," ಅಂದ ಕಾವಲಿನವನು, ಅವಳ ಮುಖ ನೋಡದೆ. "ಪಕ್ಕಕ್ಕೆ ನಿಂತ್ಕೊ, ಜನ ಬರ್ಬೇಕು."

ಅವಳು ಪಕ್ಕಕ್ಕೆ ನಿಂತಳು. ಗೇಟಿನ ಒಳಗೋಡೆಯ ಮೇಲೆ ಹೊಸದೊಂದು ಭಿತ್ತಿಪತ್ರ ಅಂಟಿಸಿದ್ದರು, ಆಳೆತ್ತರದ್ದು. ಅದರಲ್ಲಿದ್ದದ್ದು ಅವಳದೇ ಅಕ್ಷರ. ಎಂಟು ಮನೆ, ಎಂಟರಲ್ಲೂ ಅಂಗೈಯಗಲದ ಇಪ್ಪತ್ತು ಪಾಯಿಂಟ್ ಒಂಬತ್ತು. ತಾರೀಕು ಮತ್ತು ತೊಟ್ಟಿಯ ನಂಬರಿದ್ದ ಕಡೆ ಕಪ್ಪು ಪಟ್ಟಿ. ಮೇಲೆ ಕೆಂಪಕ್ಷರದಲ್ಲಿ: ಅಳೆಯದೆ ಬರೆಯುವುದು ಕೊಲೆಗೆ ಸಮಾನ. ತಪ್ಪಿತಸ್ಥ ಗುತ್ತಿಗೆ ಕಾರ್ಮಿಕಳನ್ನು ವಜಾ ಮಾಡಲಾಗಿದೆ. ಬೋರ್ಡಿನಲ್ಲಿ ಸಾವಿರದ ಮೂರು.

ಭಿತ್ತಿಪತ್ರದ ಕೆಳಗಿನ ಸೈಕಲ್ ಸ್ಟ್ಯಾಂಡಿಗೆ ಒರಗಿಕೊಂಡು ಒಬ್ಬ ಹೆಂಗಸು ನಿಂತಿದ್ದಳು. ಮಾಲ್‌ಸುಕ್. ಗಂಡ ಸತ್ತ ಮೇಲೆ ಹೋದ ವಸಂತದಲ್ಲಿ ಕೆಲಸಕ್ಕೆ ಸೇರಿದವಳು, ಓಕ್‌ಬುನ್ ಜತೆಯಲ್ಲೇ ಕೂರಿಸಿಕೊಂಡು ಕೆಲಸ ಕಲಿಸಿದ್ದವಳು. ಕಂಕುಳಲ್ಲಿ ಓಕ್‌ಬುನ್‌ಳ ಒದ್ದೆ ಕಂಬಳಿ. ಎಡಗೈಯಲ್ಲಿ ಇವತ್ತಿನ ಎರಡು ಚೀಟಿ, ಎರಡು ತೊಟ್ಟಿಯವು. ಗಂಟೆ ಏಳೂಮುಕ್ಕಾಲು.

"ಮಾಲ್‌ಸುಕ್," ಓಕ್‌ಬುನ್ ಗೇಟಿನ ಸರಳು ಹಿಡಿದು ಕೂಗಿದಳು. "ಮೀಟ್ರು ಇಸ್ಕೊಂಡೇನೆ?"

ಮಾಲ್‌ಸುಕ್ ತಲೆಯೆತ್ತಿದಳು. ಇವಳನ್ನು ನೋಡಿದಳು, ಕಾವಲಿನವನನ್ನು ನೋಡಿದಳು.

"ಬೀರು ತೆಗ್ಸು. ಕೊಡ್ದೇ ಇದ್ರೆ ಅಲ್ಲೇ ಕೂತ್ಕೊ. ಬರೀಬ್ಯಾಡ ಕಣೇ ತಾಯಿ, ಬರೀಬ್ಯಾಡ."

"ಅಕ್ಕ, ಗಲಾಟೆ ಮಾಡ್ಬ್ಯಾಡ," ಅಂದ ಕಾವಲಿನವನು.

ಒಳಗೆ ಎಲ್ಲೋ ಬೆಳಗಿನ ಓದು ಶುರುವಾಗಿತ್ತು. ಏಣಿ, ಸರಿಯಿದೆ. ಹಗ್ಗ, ಸರಿಯಿದೆ. ಓಕ್‌ಬುನ್ ಫೋನು ತೆಗೆದು, ಸ್ಟಿಕರಿಲ್ಲದ ಅದರ ಕಣ್ಣನ್ನು ಸರಳುಗಳ ಸಂದಿಗೆ ಹಿಡಿದಳು. ಅದರ ಸಣ್ಣ ಗಾಜಿನಲ್ಲಿ ಮೇಲೆ ಅವಳ ಎಂಟು ಮನೆ ಕಾಣುತ್ತಿದ್ದವು, ಕೆಳಗೆ ಮಾಲ್‌ಸುಕ್‌ಳ ಬಗ್ಗಿದ ಹಳದಿ ಹೆಲ್ಮೆಟ್ಟು. ಮಾಲ್‌ಸುಕ್ ಮುಖದ ಬಟ್ಟೆಯನ್ನು ಕಣ್ಣಿನವರೆಗೆ ಎಳೆದುಕೊಂಡಳು. ಚೀಟಿಯನ್ನು ತೊಡೆಗೆ ಒತ್ತಿ ಹಿಡಿದು ಎಂಟು ಗಂಟೆಯ ಮನೆ ತುಂಬಿದಳು, ಒಂಬತ್ತರದು ತುಂಬಿದಳು. ಆಮೇಲೆ, ಓಕ್‌ಬುನ್ ಕಲಿಸಿಕೊಟ್ಟ ಹಾಗೆಯೇ, ಪೆನ್ನೆತ್ತದೆ ಸಂಜೆಯವರೆಗೆ ಬರೆದಳು.